ಎರಡು ಇಂಚು ತಗ್ಗಿಸಿದ್ದು

ಮಾರ್ಚ್ ೩, ಸೋಮವಾರ. ಬೆಳಿಗ್ಗೆ ೬.೧೦

ಕೊಂಡಿ ಸಿಕ್ಕಿಸಲು ಹನ್ನೊಂದು ಸಲ ಹಿಂದೆ ಮುಂದೆ. ಶುಕ್ರವಾರ ಒಂಬತ್ತು ಸಲ ಆಗಿತ್ತು. ಪಿಕಪ್ಪಿನಿಂದ ಇಳಿಯುವುದು, ನೋಡುವುದು, ಹತ್ತುವುದು, ಒಂದು ಗೇಣು ಹಿಂದಕ್ಕೆ, ಮತ್ತೆ ಇಳಿಯುವುದು. ಟ್ರೇಲರಿನ ಮೂತಿ ಗಾಡಿಯ ಹಿಂದಿನ ಕೊಂಡಿಯ ಗುಂಡಿನ ಮೇಲೆ ಕೂರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಇಬ್ಬರಿದ್ದರೆ ಒಂದೇ ಸಲದ ಕೆಲಸ. ಹೆಂಡತಿ ಹಿಂದೆ ನಿಂತು "ಬನ್ನಿ, ಬನ್ನಿ, ಬನ್ನಿ… ಸಾಕು" ಎನ್ನುತ್ತಿದ್ದಳು. ಸಾಕು ಎಂದ ಮೇಲೂ ಇನ್ನೊಂದು ಗೇಣು ಬರಬೇಕು ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿರುವುದು ಅವಳಿಗೂ ಗೊತ್ತಿತ್ತು.

ಇಂದು ಗಿರಣಿಯ ಗೇಟು. ಸೋಮವಾರ ಗಿರಣಿ, ಮಂಗಳವಾರ ಮಾರುಕಟ್ಟೆಯ ಹಿಂಬದಿ, ಬುಧವಾರ ಕಲ್ಲು ಕ್ವಾರಿ, ಗುರುವಾರ ಆಸ್ಪತ್ರೆಯ ಅಂಗಳ, ಶುಕ್ರವಾರ ಶಾಲೆಗಳು. ಹದಿನಾಲ್ಕು ವರ್ಷದಿಂದ ಇದೇ ಸುತ್ತು. ಟ್ರೇಲರಿನೊಳಗೆ ಕಣ್ಣು ಪರೀಕ್ಷೆಯ ಕುರ್ಚಿ, ಅಕ್ಷರದ ಫಲಕ, ಲೆನ್ಸ್ ಉಜ್ಜುವ ಯಂತ್ರ. ಬೆಳಿಗ್ಗೆ ಕಣ್ಣು ತೋರಿಸಿದವರು ಸಂಜೆ ಕನ್ನಡಕ ಹಾಕಿಕೊಂಡು ಮನೆಗೆ ಹೋಗುತ್ತಾರೆ.

ಪಕ್ಕದ ಸೀಟಿನಲ್ಲಿ ಫ್ರೇಮಿನ ಡಬ್ಬಿಗಳು. ಭಾರಕ್ಕೆ ಗಾಡಿ ಯಾರೋ ಕೂತಿದ್ದಾರೆಂದುಕೊಂಡು ಕುಯ್ ಕುಯ್ ಎನ್ನುತ್ತದೆ. ಡಬ್ಬಿಗಳಿಗೆ ಬೆಲ್ಟ್ ಹಾಕಿ ಹೊರಟೆ.

ಸಂಜೆ ೬.೩೦

ಹತ್ತೊಂಬತ್ತು ಜನ. ನೂಲಿನ ವಿಭಾಗದ ದಪ್ಪನೆಯ ಹೆಂಗಸು ಕುರ್ಚಿಯಲ್ಲಿ ಕೂತವಳೇ ಹಿಂದಕ್ಕೆ ವಾಲಿದಳು.

"ಡಾಕ್ಟ್ರೇ, ಅಕ್ಷರ ಎಲ್ಲಾ ಚೆನ್ನಾಗೇ ಕಾಣ್ತಿವೆ. ನಿಮ್ಮ ಕುರ್ಚಿನೇ ನನ್ನ ಮಲಗಿಸ್ತಿದೆ. ಕಣ್ಣು ನೋಡ್ತೀರೋ ಹಲ್ಲು ಕೀಳ್ತೀರೋ?"

ಹೊರಗೆ ಸರದಿಯಲ್ಲಿದ್ದವರೆಲ್ಲ ನಕ್ಕರು. ನಾನು ಡಾಕ್ಟರ್ ಅಲ್ಲ. ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.

"ಮೊದಲು ಅಮ್ಮ ಇದ್ರಲ್ಲ, ಅವರು ಬೆನ್ನಿಗೊಂದು ದಿಂಬು ಕೊಡೋರು."

ಯಾವ ದಿಂಬು? ಎಲ್ಲರೂ ಹೋದ ಮೇಲೆ ಹುಡುಕಿದೆ. ಕುರ್ಚಿಯ ಹಿಂದಿನ ಗೂಡಿನಲ್ಲಿತ್ತು. ಹಸಿರು ಗವಸು, ಅವಳೇ ಹೊಲಿದದ್ದು. ಎಷ್ಟು ದಿನದಿಂದ ಇದೆಯೋ. ಟ್ರೇಲರಿನ ನೆಲದ ಮೇಲೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಪೂರ್ತಿ ಮುಂದಕ್ಕೆ ಓಡಿತು. ಮೂತಿ ಮೇಲೆ, ಬಾಲ ಕೆಳಗೆ.

ಮಾರ್ಚ್ ೪, ಮಂಗಳವಾರ. ಸಂಜೆ

ಅಳತೆ ತೆಗೆದೆ. ಟೇಪಿನ ಇನ್ನೊಂದು ತುದಿ ಹಿಡಿಯುವವರಿಲ್ಲ. ಇಟ್ಟಿಗೆಯ ಕೆಳಗೆ ಸಿಕ್ಕಿಸಿದೆ. ಎರಡು ಸಲ ಜಾರಿ ಬಂದು ಬೆರಳಿಗೆ ಹೊಡೆಯಿತು.

ಗಾಡಿಯ ಗುಂಡು ನೆಲದಿಂದ ೨೨ ಇಂಚು. ಟ್ರೇಲರ್ ಮಟ್ಟವಾಗಿ ನಿಲ್ಲಲು ೧೮ ಇರಬೇಕು. ಅಂದರೆ ಮೂತಿ ನಾಲ್ಕು ಇಂಚು ಮೇಲಕ್ಕೆದ್ದಿದೆ. ಬಾಗಿಲು ಮೂತಿಗೂ ಚಕ್ರಕ್ಕೂ ನಡುಮಧ್ಯೆ, ಅಲ್ಲಿ ಅದರ ಅರ್ಧ. ಮೆಟ್ಟಿಲು ೧೪ ಇಂಚಿನ ಎತ್ತರದಲ್ಲಿರಬೇಕಾದ್ದು ೧೬ರಲ್ಲಿದೆ.

ಆರು ವರ್ಷದ ಹಿಂದೆ ಸ್ಪ್ರಿಂಗ್ ಅಂಗಡಿಯಲ್ಲಿ ಪಿಕಪ್ಪಿನ ಹಿಂಭಾಗ ಎತ್ತರ ಮಾಡಿಸಿದ್ದು ನಾನೇ. ಆಗ ಟ್ರೇಲರಿನ ಮೂತಿಯಲ್ಲಿ ಹಳೆಯ ಯಂತ್ರವಿತ್ತು, ವಿಪರೀತ ಭಾರ, ಗಾಡಿಯ ಬಾಲ ಜಗ್ಗಿ ನೆಲ ಮುಟ್ಟುವ ಹಾಗಾಗುತ್ತಿತ್ತು. ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಎರಡು ಇಂಚಿನ ಕಬ್ಬಿಣದ ಬ್ಲಾಕ್ ಕೂರಿಸಿ, ಸ್ಪ್ರಿಂಗ್ ಪಟ್ಟಿಗಳ ಕಟ್ಟಿಗೆ ಇನ್ನೊಂದು ದಪ್ಪ ಪಟ್ಟಿ ಹಾಕಿಸಿದ್ದೆ. ಎರಡು ವರ್ಷದ ಹಿಂದೆ ಹೊಸ ಯಂತ್ರ ಬಂತು. ಹಳೆಯದರ ಕಾಲು ಭಾಗ ತೂಕ. ಭಾರ ಇಳಿಯಿತು, ಬಾಲ ಎದ್ದಿತು. ಅದನ್ನು ಹಾಗೆಯೇ ಬಿಟ್ಟೆ.

"ಹಿಂದೆ ಸ್ವಲ್ಪ ಇಳಿಸ್ರೀ. ದಿನಕ್ಕೆ ನಲವತ್ತು ಸಲ ಹತ್ತಿ ಇಳೀತೀನಿ" ಎಂದಿದ್ದಳು. ಎಳೆಯುವ ಗಾಡಿಗೆ ಹಿಂಭಾಗ ಎತ್ತರವಿರಬೇಕು ಎಂದಿದ್ದೆ. ಒಂದು ಸಲವಲ್ಲ.

ಕಳೆದ ಜುಲೈನಲ್ಲಿ ಲೆನ್ಸಿನ ಟ್ರೇ ಹಿಡಿದು ಇಳಿಯುವಾಗ ಆ ಮೆಟ್ಟಿಲಿನಿಂದ ಬಿದ್ದಳು. ಎಡ ಮಣಿಕಟ್ಟು ಮುರಿಯಿತು. ಆರೈಕೆಗೆಂದು ತಂಗಿಯ ಮನೆಗೆ ಹೋದಳು. ಸೆಪ್ಟೆಂಬರಿನಲ್ಲಿ ಪ್ಲಾಸ್ಟರ್ ಬಿಚ್ಚಿದರು. ಈಗ ಮಾರ್ಚ್. ಬರುತ್ತೇನೆ ಎಂದಿಲ್ಲ. ಬರುವುದಿಲ್ಲ ಎಂದೂ ಇಲ್ಲ.

ಮೆಟ್ಟಿಲು ಇಳಿದರೆ ಬಾರದಿರಲು ಕಾರಣ ಉಳಿಯುವುದಿಲ್ಲ. ಇಳಿಸುವುದು.

ಮಾರ್ಚ್ ೮, ಶನಿವಾರ

ಸ್ಪ್ರಿಂಗ್ ಅಂಗಡಿ. ಯಜಮಾನ ಒಬ್ಬನೇ, ಅರವತ್ತರ ಮೇಲೆ. ಅಂಗಡಿ ತುಂಬ ಬಾಗಿದ ಕಬ್ಬಿಣದ ಪಟ್ಟಿಗಳು, ಗೋಡೆಗೆ ಒರಗಿಸಿಟ್ಟ ದೊಡ್ಡ ದೊಡ್ಡ ಹುಬ್ಬುಗಳ ಹಾಗೆ.

"ಇಳಿಸಬೇಕಾ? ಊರಿನವರೆಲ್ಲ ಎತ್ತಿಸೋಕೆ ಬರ್ತಾರೆ, ನೀವೊಬ್ರು ಇಳಿಸೋಕೆ ಬಂದಿದೀರಿ."

"ಕೊಂಡಿಯನ್ನೇ ಕಡಿದು ಕೆಳಗೆ ಕೂರಿಸಬಹುದಾ ಅಂತಲೂ ಯೋಚಿಸಿದೆ."

"ಅದು ಚಾಸಿಗೆ ಬೆಸುಗೆ ಹಾಕಿರೋದು. ಎಳೆಯೋ ಕೊಂಡಿಗೆ ನಾನು ಎರಡನೇ ಬೆಸುಗೆ ಹಾಕಲ್ಲ. ನಡುದಾರೀಲಿ ಬಿಟ್ಕೊಂಡು ಹೋದ್ರೆ ನಿಮ್ಮ ಟ್ರೇಲರ್ ನಿಮ್ಮನ್ನೇ ಓವರ್‌ಟೇಕ್ ಮಾಡುತ್ತೆ. ಬ್ಲಾಕ್ ತೆಗೀಬಹುದು, ಪಟ್ಟಿ ತೆಗೀಬಹುದು. ಎಷ್ಟು ಇಳೀಬೇಕು?"

"ನಾಲ್ಕು ಇಂಚು."

"ಭಾರ ಹಾಕಿ ಅಳೆದ್ರೋ, ಖಾಲಿ ಅಳೆದ್ರೋ?"

"ಕೆಲಸಕ್ಕೆ ಹೋಗೋವಾಗ ಏನೇನು ಇರುತ್ತೋ ಅಷ್ಟೂ ಹಾಕಿ."

ಭಾರದ ಪಟ್ಟಿ ತೋರಿಸಿದೆ. ಯಂತ್ರ, ಕುರ್ಚಿ, ಬ್ಯಾಟರಿ, ಫ್ರೇಮ್, ಲೆನ್ಸ್, ಮೇಜು, ನಾನು. ಕಿಲೋಗ್ರಾಮಿನಲ್ಲಿ. ಅವನು ಕಾಗದವನ್ನು ತೋಳಿನಷ್ಟು ದೂರ ಹಿಡಿದು ನೋಡಿದ, ಇನ್ನೂ ದೂರ ಹಿಡಿಯಲು ಕೈ ಸಾಲದೆ ತಲೆ ಹಿಂದಕ್ಕೆ ಹಾಕಿದ.

"ನಿಮಗೆ ಪ್ಲಸ್ ಎರಡು ಬೇಕು" ಎಂದೆ.

"ನನಗೆ ಬೇಕಾಗಿರೋದು ಒಳ್ಳೇ ಬಲ್ಬು. ಮುಂದಿನ ಶನಿವಾರ ಬನ್ನಿ."

ಮಾರ್ಚ್ ೯, ಭಾನುವಾರ. ಬೆಳಿಗ್ಗೆ ೧೦

ಭಾನುವಾರದ ಫೋನು. ಎತ್ತಿದ್ದು ಷಡ್ಡಕ. ಅಲ್ಲಿ ಅವರದು ಜೆರಾಕ್ಸ್ ಅಂಗಡಿ, ಮೇಲೆ ಮನೆ. ಭಾನುವಾರವೂ ಮಧ್ಯಾಹ್ನದವರೆಗೆ ತೆರೆದಿರುತ್ತದೆ.

"ಅಣ್ಣಾ, ಅತ್ತಿಗೆ ಬಂದ ಮೇಲೆ ಅಂಗಡಿ ಅಂಗಡಿ ಥರ ಆಗಿದೆ ನೋಡಿ. ಮೊದಲು ಯಾರ ಕಾಗದ ಯಾರಿಗೆ ಕೊಡ್ತಿದ್ವೋ ದೇವರಿಗೇ ಗೊತ್ತು. ಒಬ್ಬರ ಜಾಮೀನು ಪತ್ರ ಇನ್ನೊಬ್ಬರ ಲಗ್ನಪತ್ರಿಕೆ ಜೊತೆ ಪಿನ್ ಆಗಿ ಹೋಗಿತ್ತು ಒಂದ್ಸಲ."

ಹಿಂದಿನಿಂದ ಅವಳ ನಗು ಕೇಳಿಸಿತು. "ಅದನ್ನ ಪಿನ್ ಮಾಡಿದ್ದು ನೀನೇ ಕಣೋ" ಎಂದಳು ಅವನಿಗೆ. ಆಮೇಲೆ ಫೋನಿಗೆ ಬಂದಾಗ ದನಿಯಲ್ಲಿ ನಗು ಇರಲಿಲ್ಲ.

"ಹೇಳಿ."

"ಸಣ್ಣ ಮೂತಿಯ ಇಕ್ಕಳ ಸಿಗ್ತಿಲ್ಲ."

"ಮೂರನೇ ಡ್ರಾಯರ್. ಹಿಂದೆ, ಬಟ್ಟೆ ಸುತ್ತಿಟ್ಟಿದೀನಿ."

"ಸಿಕ್ತು."

"ಹೂಂ. ಮತ್ತೆ?"

"ಇಲ್ಲಿ ಬಿಸಿಲು ಜೋರು."

"ಇಲ್ಲೂ."

ಗಾಡಿ ಇಳಿಸುವ ವಿಷಯ ಹೇಳಲಿಲ್ಲ. ಕೆಲಸ ಮುಗಿದ ಮೇಲೆ, ಅಳತೆ ಕೈಯಲ್ಲಿ ಹಿಡಿದು ಹೇಳುವುದು. ಮಾತಾಡಿದ್ದು ನಾಲ್ಕು ನಿಮಿಷ. ಕಳೆದ ವಾರ ಮೂರು.

ಮಾರ್ಚ್ ೧೫, ಶನಿವಾರ. ಸಂಜೆ ೫

ಕೆಲಸ ಆಯಿತು. ಬೆಳಿಗ್ಗೆ ೮ರಿಂದ ಮೂರೂವರೆಯವರೆಗೆ.

ಹಿಂದಿನ ಚಕ್ರ ಬಿಚ್ಚಿ, ಚಾಸಿ ಸ್ಟ್ಯಾಂಡಿನ ಮೇಲೆ, ಆಕ್ಸಲ್ ಜಾಕಿನ ಮೇಲೆ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿದಿಡುವ ಯು-ಬೋಲ್ಟಿನ ನಟ್ಟುಗಳು ಆರು ವರ್ಷದ ತುಕ್ಕಿಗೆ ಕಲ್ಲಾಗಿದ್ದವು. ಯಜಮಾನ ಎಣ್ಣೆ ಬಿಟ್ಟು ಕಾದ. ಬರಲಿಲ್ಲ. ಕತ್ತರಿಸಿದ.

"ಹೇಗೂ ಹಳೇದು ಹಾಕಲ್ಲ. ಯು-ಬೋಲ್ಟ್ ಒಂದ್ಸಲ ಬಿಗಿದ್ರೆ ಎಳೆದುಹೋಗಿರುತ್ತೆ. ಬಿಚ್ಚಿದ್ಮೇಲೆ ಹೊಸದೇ ಹಾಕಬೇಕು."

ಜಾಕ್ ಇಳಿಸುತ್ತ ಆಕ್ಸಲ್ ಕೆಳಗೆ ಹೋದ ಹಾಗೆ ಸ್ಪ್ರಿಂಗಿನ ಅಡಿಯಿಂದ ಬ್ಲಾಕ್ ಸಡಿಲವಾಯಿತು. ಕೈಯಲ್ಲಿ ತೆಗೆದೆ. ಒಂದು ಇಟ್ಟಿಗೆಯ ಅರ್ಧದಷ್ಟು. ಇನ್ನೊಂದು ಬದಿಯದನ್ನೂ ತೆಗೆದೆ. ಆಮೇಲೆ ಪಟ್ಟಿಗಳ ಕಟ್ಟು ಬಿಚ್ಚಿ ದಪ್ಪ ಪಟ್ಟಿ ಹೊರಗೆ. ಗಾಡಿಯ ಕೆಳಗೆ ಇಬ್ಬರೂ ಪಕ್ಕ ಪಕ್ಕ ಮಲಗಿದ್ದೆವು. ಟಾರ್ಚ್ ಹಿಡಿಯುವುದು ನನ್ನ ಕೆಲಸ.

"ಡಾಕ್ಟ್ರೇ, ಟಾರ್ಚು ನಟ್ಟಿನ ಮೇಲೆ ಬಿಡಿ, ನನ್ನ ಮುಖದ ಮೇಲಲ್ಲ. ನನ್ನ ಮುಖ ನೋಡಿ ಏನ್ ಮಾಡ್ತೀರಿ."

ಅವನ ಕಣ್ಣಿನ ಪಾಪೆ ಎಷ್ಟು ಕುಗ್ಗುತ್ತದೆಂದು ನೋಡುತ್ತಿದ್ದೆ. ಹೇಳಲಿಲ್ಲ.

"ಮನೆಯವರು ಎಲ್ಲಿ? ಯಾವಾಗ್ಲೂ ಜೊತೇಲಿ ಬರೋರು. ಆ ಸಲ ಬ್ಲಾಕ್ ಹಾಕಿದಾಗ ಇಡೀ ದಿನ ಇಲ್ಲೇ ಕೂತಿದ್ರು, ನನಗೂ ಸೇರಿಸಿ ಊಟ ತಂದಿದ್ರು."

"ತಂಗಿ ಮನೆಗೆ ಹೋಗಿದಾರೆ."

"ಓ. ಯಾವಾಗ ಬರ್ತಾರೆ?"

"ಇದು ಮುಗಿಯಲಿ ಅಂತ."

ಅವನು ಸ್ಪ್ಯಾನರ್ ಹಾಕುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದ. ಮತ್ತೆ ನಟ್ಟಿಗೆ ತಿರುಗಿದ.

ಹಳೆಯ ಬ್ಲಾಕುಗಳನ್ನು ತೆಗೆದುಕೊಂಡು ಹೋಗಿ ಎಂದ. ಬೇಡವೆಂದೆ.

ಮಾರ್ಚ್ ೧೬, ಭಾನುವಾರ

ಟ್ರೇಲರ್ ಕಟ್ಟಿ ಅಳೆದೆ. ಗುಂಡು ೧೮. ಮೆಟ್ಟಿಲು ೧೪. ನೆಲದ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಎರಡು ಗೆರೆಗಳ ನಟ್ಟನಡುವೆ, ಅಲುಗಾಡದೆ. ತಿರುಗಿಸಿ ಇಟ್ಟೆ. ಆಗಲೂ ನಡುವೆ.

ಯಾರಿಗಾದರೂ ತೋರಿಸಬೇಕೆನ್ನಿಸಿತು. ಎದುರು ಮನೆಯವರು ಬಾಗಿಲು ಹಾಕಿ ಎಲ್ಲಿಗೋ ಹೋಗಿದ್ದರು. ಪರೀಕ್ಷೆಯ ಕುರ್ಚಿಯಲ್ಲಿ ನಾನೇ ಕೂತು ಅಕ್ಷರದ ಫಲಕ ಓದಿದೆ. ಕೊನೆಯ ಸಾಲಿನ ಹಿಂದಿನ ಸಾಲಿನವರೆಗೆ. ಮೂರು ವರ್ಷದ ಹಿಂದೆ ಕೊನೆಯ ಸಾಲೂ ಕಾಣುತ್ತಿತ್ತು.

ಇಂದು ಫೋನ್ ಮಾಡಲಿಲ್ಲ. ಒಂದು ವಾರ ಓಡಿಸಿ ನೋಡಿ, ಆಮೇಲೆ.

ಮಾರ್ಚ್ ೧೯, ಬುಧವಾರ. ಸಂಜೆ ೭

ಕ್ವಾರಿ. ಕಲ್ಲು ಒಡೆಯುವವನೊಬ್ಬ ಎರಡೂ ಕಣ್ಣು ಮುಚ್ಚಿಕೊಂಡು ಬಂದ. ಪುಡಿ ಬಿದ್ದಿತ್ತು. ತೊಳೆಯಲು ನಲ್ಲಿ ತಿರುಗಿಸಿದರೆ ನೀರಿಲ್ಲ. ಈ ಸಲ ಮುಚ್ಚಳ ತೆಗೆದು ನೋಡಿದೆ, ಟ್ಯಾಂಕ್ ಒಣಗಿತ್ತು.

"ಅಮ್ಮ ಇದ್ದಾಗ ನೀರಿರ್ತಿತ್ತು" ಎಂದ, ಕಣ್ಣು ಮುಚ್ಚಿಕೊಂಡೇ. ಕೋಪದಿಂದ ಹೇಳಿದ್ದಲ್ಲ. ನನ್ನ ಕುಡಿಯುವ ನೀರಿನ ಬಾಟಲಿಯಲ್ಲಿ ತೊಳೆದೆ.

ಟ್ರೇಲರಿನ ಮೂತಿಯಲ್ಲಿ ನೂರು ಲೀಟರಿನ ಟ್ಯಾಂಕ್. ಹದಿನಾಲ್ಕು ವರ್ಷ ಪ್ರತಿ ಬೆಳಿಗ್ಗೆ ಅವಳು ತುಂಬಿಸಿದ್ದಾಳೆ. ನಾನು ಏಳುವ ಮೊದಲು. ಅದು ತುಂಬಿರುತ್ತಿತ್ತು, ಅಷ್ಟೆ. ಈ ಎಂಟು ತಿಂಗಳು ಬಾಟಲಿಯಲ್ಲಿ ಕೈ ತೊಳೆದುಕೊಂಡಿದ್ದೇನೆ, ನಲ್ಲಿ ಕೆಟ್ಟಿದೆ ಎಂದುಕೊಂಡು. ನನ್ನ ಭಾರದ ಪಟ್ಟಿಯಲ್ಲಿ ಸ್ಕ್ರೂಡ್ರೈವರಿನ ಪೆಟ್ಟಿಗೆಯೂ ಇದೆ, ಎರಡೂವರೆ ಕಿಲೋ. ನೂರು ಕಿಲೋ ನೀರು ಇಲ್ಲ.

ಮನೆಗೆ ಬಂದು ಪೈಪು ಹಾಕಿ ತುಂಬಿಸಿದೆ. ನಲವತ್ತು ನಿಮಿಷ ಹಿಡಿಯಿತು. ಚಳಿಗಾಲದಲ್ಲೂ ಇದೇ ನಲವತ್ತು ನಿಮಿಷ ಇಲ್ಲಿ ನಿಂತಿರುತ್ತಿದ್ದಳು ಎಂದಾಯಿತು.

ಗುಂಡು ೧೭ಕ್ಕೆ ಇಳಿಯಿತು. ಬೀದಿಯ ಉಬ್ಬಿನ ಮೇಲೆ ಹೋದರೆ ಚಾಸಿಯ ಕೆಳಗಿನ ರಬ್ಬರ್ ಆಕ್ಸಲ್ಲಿಗೆ ಬಡಿಯುತ್ತದೆ. ಟಪ್. ಹಲ್ಲಿಗೆ ತಾಗುವ ಸದ್ದು.

ಮಾರ್ಚ್ ೨೨, ಶನಿವಾರ

ಸ್ಪ್ರಿಂಗ್ ಅಂಗಡಿ, ಎರಡನೇ ಸಲ.

"ಎಲ್ಲಾ ಹಾಕಿ ಅಳೆದೆ ಅಂದ್ರಲ್ಲ!"

"ನೀರು ಬಿಟ್ಟುಹೋಗಿತ್ತು."

"ನೂರು ಲೀಟರ್ ನೀರು ಬಿಟ್ಟುಹೋಗಿತ್ತಂತೆ! ಡಾಕ್ಟ್ರೇ, ಕಣ್ಣು ಯಾರು ತೋರಿಸ್ಬೇಕು ಈಗ, ನಾನೋ ನೀವೋ?"

ದಪ್ಪ ಪಟ್ಟಿಯ ಬದಲು ತೆಳುವಾದದ್ದೊಂದನ್ನು ಹುಡುಕಿ, ಕಾಸಿ, ಬಡಿದು, ಬಾಗು ಕಡಿಮೆ ಮಾಡಿದ. ಮತ್ತೆ ಹೊಸ ಯು-ಬೋಲ್ಟು. ಟ್ಯಾಂಕ್ ತುಂಬಿಸಿಯೇ ತಂದಿದ್ದೆ, ಟ್ರೇಲರ್ ಸಮೇತ. ನೀರು ತುಂಬಿ ೧೮. ಖಾಲಿಯಿದ್ದರೆ ೧೮ ಮುಕ್ಕಾಲು. ಉಬ್ಬಿನ ಮೇಲೆ ಸದ್ದಿಲ್ಲ.

ಅವನಿಗೊಂದು ಕನ್ನಡಕ ಮಾಡಿ ಒಯ್ದಿದ್ದೆ, ಪ್ಲಸ್ ಎರಡು. ಹಾಕಿಕೊಂಡು ತನ್ನ ಕೈ ನೋಡಿಕೊಂಡ.

"ಅಯ್ಯೋ, ಇಷ್ಟು ಕೊಳಕಾಗಿದ್ಯಾ ನನ್ನ ಕೈ!"

ಬಹಳ ದಿನದ ಮೇಲೆ ನಕ್ಕೆ. ನನ್ನ ನಗುವಿನ ಸದ್ದು ನನಗೇ ಹೊಸದಾಗಿ ಕೇಳಿಸಿತು.

ಮಾರ್ಚ್ ೨೩, ಭಾನುವಾರ. ಬೆಳಿಗ್ಗೆ ೧೧

ಹೇಳಿದೆ. ಮಾತು ನಡೆದ ಹಾಗೆಯೇ ಬರೆಯುತ್ತೇನೆ, ಮರೆಯುವ ಮೊದಲು.

"ಹಿಂದೆ ಇಳಿಸಿದೆ."

"ಏನನ್ನ?"

"ಗಾಡಿನ. ನಾಲ್ಕು ಇಂಚು. ಬಾಗಿಲ ಹತ್ತಿರ ಎರಡು ಬರುತ್ತೆ. ಮೆಟ್ಟಿಲು ಈಗ ಹದಿನಾಲ್ಕು."

"ಹೂಂ."

"ನೀರು ತುಂಬಿದ ಮೇಲೂ ಮಟ್ಟವಾಗಿದೆ. ಟ್ಯಾಂಕ್ ತುಂಬಿಸಿಯೇ ಅಳೆದೆ."

"ಟ್ಯಾಂಕ್ ನೀವು ತುಂಬಿಸ್ತಿದೀರಾ?"

"ಬುಧವಾರದಿಂದ."

ಜೆರಾಕ್ಸ್ ಯಂತ್ರದ ಸದ್ದು ಬರುತ್ತಿತ್ತು.

"ಒಳ್ಳೇದಾಯ್ತು. ವಯಸ್ಸಾದೋರು ಹತ್ತೋಕೆ ಅನುಕೂಲ."

"ಹಾಗಾದ್ರೆ…"

"ಏನು ಹಾಗಾದ್ರೆ?"

"ಇನ್ನು ಬೀಳೋ ಭಯ ಇಲ್ಲ ಅಂತ."

"ರೀ, ನಾನು ಮೆಟ್ಟಿಲಿಗೆ ಹೆದರ್ಕೊಂಡು ಎಂಟು ತಿಂಗಳು ಇಲ್ಲಿ ಕೂತಿದೀನಿ ಅಂದ್ಕೊಂಡ್ರಾ?"

ಹೌದು, ಹಾಗೆಯೇ ಅಂದುಕೊಂಡಿದ್ದೆ.

"ಮತ್ತೆ ಯಾಕೆ?"

"ಅದನ್ನೂ ನಾನೇ ಹೇಳಬೇಕಾ? ಯಾವ ಡ್ರಾಯರಲ್ಲಿದೆ ಅಂತ?" ದನಿ ಏರಿರಲಿಲ್ಲ. "ನೀವು ಬರೀದೇ ಇರೋ ದಿನ ಇಲ್ವಲ್ಲ. ಆವತ್ತಿಂದೂ ಬರ್ದಿರ್ತೀರಿ. ತೆಗೆದು ಓದಿ."

"ಏನು ಓದ್ಲಿ?"

"ಓದಿ. ಯಾರೋ ಬಂದ್ರು, ಇಡ್ತೀನಿ."

ಏಳು ನಿಮಿಷ.

ಮಾರ್ಚ್ ೨೩. ಸಂಜೆ ೬.೪೫

ಹಿಂಭಾಗ ಇಳಿದದ್ದರಿಂದ ಗಾಡಿಯ ಹೆಡ್‌ಲೈಟ್ ಮೇಲಕ್ಕೆ ನೋಡುತ್ತಿದೆ. ಶುಕ್ರವಾರ ಎದುರು ಬಂದವರೆಲ್ಲ ಲೈಟು ಮಿಟುಕಿಸಿ ಬೈದು ಹೋದರು. ಗೋಡೆಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಸ್ಕ್ರೂ ತಿರುಗಿಸಿ, ಬೆಳಕು ಗೆರೆಯ ಕೆಳಗೆ ಬರುವಂತೆ ಮಾಡಿದೆ. ಒಂದು ಗಂಟೆಯ ಕೆಲಸ. ಎರಡು ಗಂಟೆ ಮಾಡಿದೆ.

ಕಳೆದ ವರ್ಷದ ಡೈರಿ ಕಪಾಟಿನ ಮೇಲಿದೆ. ಇಲ್ಲಿ ಕೂತಲ್ಲಿಂದಲೇ ಬೆನ್ನು ಕಾಣುತ್ತದೆ.

ಮಾರ್ಚ್ ೨೪, ಸೋಮವಾರ

ಗಿರಣಿ. ೨೧ ಜನ. ದಿಂಬು ಬೇಕಾಗಲಿಲ್ಲ.

ಏಪ್ರಿಲ್ ೧, ಮಂಗಳವಾರ. ಸಂಜೆ

ಒಂದು ವಾರ ಏನೂ ಬರೆದಿಲ್ಲ. ಭಾನುವಾರ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಇಂದು ತೆಗೆದೆ. ಜುಲೈ ೧೮, ಗುರುವಾರ. ಇದ್ದದ್ದು ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ:

"ಆಸ್ಪತ್ರೆಯ ಅಂಗಳ. ೨೩ ಜನ. ಸಂಜೆ ೪.೨೦ಕ್ಕೆ ಟ್ರೇ ಬಿತ್ತು. ಐದು ಜೊತೆ ಲೆನ್ಸ್. ಮೂರು ಜೊತೆ ಒಡೆದವು (ಅಡುಗೆಯವನದು ಮೈನಸ್ ೩.೨೫, ದಾದಿಯದು ಪ್ಲಸ್ ೧.೫೦, ವಾಚ್‌ಮ್ಯಾನಿನದು ಪ್ಲಸ್ ೨.೭೫). ಒಂದು ಜೊತೆಗೆ ಗೀರು, ಮತ್ತೆ ಉಜ್ಜಬಹುದು. ಒಂದು ಸರಿಯಿದೆ. ನಾಳೆ ಶಾಲೆಯ ಮೊದಲು ಮುಗಿಸಬೇಕು. ಅವಳ ಎಡ ಮಣಿಕಟ್ಟು ಮುರಿದಿದೆ. ಆಸ್ಪತ್ರೆಯ ಅಂಗಳದಲ್ಲೇ ಆದದ್ದು ಅನುಕೂಲವಾಯಿತು. ಪ್ಲಾಸ್ಟರ್ ಹಾಕುವಾಗ ಹೊರಗೆ ಬಂದು ಮೆಟ್ಟಿಲು ಅಳೆದೆ. ೧೬. ಎರಡು ಇಂಚು ಹೆಚ್ಚು. ಎರಡು ಇಂಚಿಗೆ ಯಾರೂ ಬೀಳುವುದಿಲ್ಲ. ಒಳಗೆ ಹೋಗಿ ಅವಳಿಗೆ ಹೇಳಿದೆ."

ಅಷ್ಟೇ ಇದೆ.

ಬರೆಯದೇ ಇದ್ದದ್ದು ನೆನಪಿಗೆ ಬಂತು. ಟ್ರೇ ಬಿದ್ದ ಸದ್ದಿಗೆ ನಾನು ಒಳಗಿನಿಂದ ಓಡಿ ಬಂದೆ. ಜಲ್ಲಿಯ ಮೇಲೆ ಮಂಡಿಯೂರಿದೆ. ಲೆನ್ಸುಗಳು ಬಿಸಿಲಿಗೆ ಹೊಳೆಯುತ್ತಿದ್ದವು, ಹುಡುಕುವುದು ಸುಲಭವಾಗಿತ್ತು. ಅವಳ ಒಂದು ಚಪ್ಪಲಿ ಅಲ್ಲಿ ಬಿದ್ದಿತ್ತು. ಅದನ್ನು ಎತ್ತಿ ಬದಿಗಿಟ್ಟು ಕೆಳಗೆ ನೋಡಿದೆ. ಅಲ್ಲೊಂದು ಲೆನ್ಸ್ ಇತ್ತು, ಒಡೆಯದ್ದು. ಸಿಕ್ಕಿತು ಎಂದು ಗಟ್ಟಿಯಾಗಿ ಹೇಳಿದೆ. ಹೇಳಿದ್ದು ಯಾರಿಗೆ? ಅವಳು ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತಿದ್ದಳು, ಬಲಗೈಯಲ್ಲಿ ಎಡಗೈ ಹಿಡಿದುಕೊಂಡು. ನನ್ನನ್ನೇ ನೋಡುತ್ತಿದ್ದಳು. ಎಬ್ಬಿಸಿದ್ದು ವಾಚ್‌ಮ್ಯಾನ್.

ಮಾರ್ಚ್ ಪೂರ್ತಿ ಗಾಡಿಯ ಕೆಳಗೆ ಮಲಗಿದ್ದೇನೆ.

ಏಪ್ರಿಲ್ ೩, ಗುರುವಾರ

ಆಸ್ಪತ್ರೆಯ ಅಂಗಳ. ೨೬ ಜನ. ಮೊದಲು ಬಂದವನೇ ಆ ವಾಚ್‌ಮ್ಯಾನ್, ಕನ್ನಡಕದ ಕಿವಿಕಡ್ಡಿ ಸಡಿಲವಾಗಿದೆ ಎಂದು. ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತಿ ನೋಡಿದ.

"ಕೆಳಗೆ ಬಂದಿದೆಯಲ್ಲ ಸಾರ್. ಚೆನ್ನಾಗಾಯ್ತು. ಅಮ್ಮ ಬಂದ್ರಾ?"

"ಇಲ್ಲ."

"ಆವತ್ತು ಅವರು ಅಳಲೇ ಇಲ್ಲ ಸಾರ್. ಕೈ ಅಷ್ಟು ಊದಿತ್ತು. ಒಳಗೆ ಕರ್ಕೊಂಡು ಹೋಗೋವಾಗ 'ಅವರ ಲೆನ್ಸ್ ಎಲ್ಲಾ ಸಿಕ್ತಾ ನೋಡಪ್ಪ' ಅಂದ್ರು ನನಗೆ. ನಾನು ಅಂದ್ಕೊಂಡೆ, ಎಂಥಾ ಜೋಡಿ ಅಂತ."

ಅವನು ಅದನ್ನು ಹೊಗಳಿಕೆಯಾಗಿ ಹೇಳಿದ. ಕಿವಿಕಡ್ಡಿಯ ಸ್ಕ್ರೂ ಬಿಗಿದು ಕೊಟ್ಟೆ. ಸ್ಕ್ರೂ ಎರಡು ಸಲ ಬಿತ್ತು. ಹುಡುಕದೆ ಬೇರೆ ಹಾಕಿದೆ.

ಏಪ್ರಿಲ್ ೫, ಶನಿವಾರ. ಸಂಜೆ ೭.೩೦

ಷಡ್ಡಕನಿಗೆ ಫೋನ್ ಮಾಡಿದೆ. ನಾಳೆ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತೀರಿ ಎಂದು ಕೇಳಿದೆ. ಒಂದು ಗಂಟೆಗೆ ಎಂದ. "ಯಾಕಣ್ಣ, ಬರ್ತೀರಾ? ಅತ್ತಿಗೆಗೆ ಹೇಳ್ಲಾ?" ಬೇಡ ಎಂದೆ. ನಾದಿನಿ ಹಿಂದಿನಿಂದ "ಭಾವ ಬರ್ತಾರಂತಾ? ನಂಬೋ ಮಾತಾ ಇದು?" ಎಂದದ್ದು ಕೇಳಿಸಿತು.

ಬಸ್ಸಿನಲ್ಲಿ ಹೋಗುವುದು. ೮.೧೫ರದು, ಮೂರೂವರೆ ಗಂಟೆಯ ದಾರಿ. ಪಿಕಪ್ ಬೇಡ. ಪಿಕಪ್ ಒಯ್ದರೆ ಅಂಗಡಿಯ ಮುಂದೆ ನಿಲ್ಲಿಸುತ್ತೇನೆ, ಅವಳನ್ನು ಹೊರಗೆ ಕರೆಯುತ್ತೇನೆ, ಬಗ್ಗಿ ಹಿಂಭಾಗ ತೋರಿಸುತ್ತೇನೆ. ಟೇಪು ಜೇಬಿನಲ್ಲಿರುತ್ತದೆ. ನನ್ನನ್ನು ನಾನು ಬಲ್ಲೆ.

ಬಾ ಎಂದು ಕೇಳುವುದಿಲ್ಲ. ಆ ಮಾತನ್ನು ಎಂದೂ ಎತ್ತುವುದಿಲ್ಲ ಎಂದಲ್ಲ, ನಾಳೆ ಎತ್ತುವುದಿಲ್ಲ. ಸೋಮವಾರ ಗಿರಣಿಗೆ ಬರುವುದಿಲ್ಲವೆಂದು ಗೇಟಿನವನಿಗೆ ತಿಳಿಸಿದ್ದೇನೆ. ಅವಳು ಒಂದು ದಿನ ಇರಿ ಎಂದರೆ ಅಲ್ಲಿ ಇರಬಹುದು. ಅನ್ನದಿದ್ದರೆ ಸಂಜೆಯ ಬಸ್ಸಿದೆ.

ಕೈ ಹೇಗಿದೆ ಎಂದು ಕೇಳಬೇಕು. ಅಷ್ಟೇ ಮೊದಲು. ಈ ಎಂಟು ತಿಂಗಳಲ್ಲಿ ಕೇಳಿದ್ದೇನೆಯೇ ಎಂದು ಎರಡೂ ಡೈರಿ ತಿರುವಿ ನೋಡಿದೆ. ಇಕ್ಕಳ ಇದೆ, ಫ್ಯೂಸ್ ಇದೆ, ರಸೀತಿ ಪುಸ್ತಕ ಇದೆ, ಬಿಸಿಲು ಆರು ಸಲ ಇದೆ. ಕೈ ಇಲ್ಲ.

ಬೆರಳು ಪೂರ್ತಿ ಮಡಚಲು ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾಳೆ ಕೇಳುತ್ತೇನೆ. ಕೇಳಿ, ಅವಳು ಹೇಳಿ ಮುಗಿಸುವವರೆಗೂ ಅವಳ ಮುಖ ನೋಡುತ್ತ ಕೂತಿರುತ್ತೇನೆ.